ಹೊಸ ಹಾರ್ಡ್‌ವೇರ್ ಘೋಷಣೆಯನ್ನು ನಂಬುವ ಮುನ್ನ ತೂಗಿ ನೋಡುವ ಕ್ರಮ

ಎಂಜಿನಿಯರಿಂಗ್ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ದಾವಣಗೆರೆಯ ಕಂಪ್ಯೂಟರ್ ಅಂಗಡಿಗಳಿಗೆ ಜಗಳೂರು, ಹೊನ್ನಾಳಿ, ಹೊಳಲ್ಕೆರೆಗಳ ಕಡೆಯಿಂದ ತಂದೆ-ಮಕ್ಕಳು ಬರತೊಡಗುತ್ತಾರೆ. ಅವರಲ್ಲಿ ಅನೇಕರ ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬಂದ ಒಂದು ಜಾಹೀರಾತು ಇದ್ದೇ ಇರುತ್ತದೆ: ಅಂಗೈಯಗಲದ ಡಬ್ಬಿಯಲ್ಲಿ 16 ಟಿಬಿ ಸಂಗ್ರಹ, ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಓಡುವ ಲ್ಯಾಪ್‌ಟಾಪ್, ಹತ್ತು ಸಾವಿರ ರೂಪಾಯಿಗೆ ಗೇಮಿಂಗ್ ಯಂತ್ರ. ಅದೇ ದಿನಗಳಲ್ಲಿ ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿ ಇನ್ನೊಂದು ಬಗೆಯ ಸುದ್ದಿ ಬರುತ್ತದೆ. ಇಂದಿನ ಚಿಪ್‌ಗಿಂತ ಸಾವಿರ ಪಟ್ಟು ವೇಗದ ಚಿಪ್ ಎಲ್ಲೋ ಸಿದ್ಧವಾಗಿದೆ, ಇನ್ನೇನು ಎಲ್ಲವೂ ಬದಲಾಗಲಿದೆ ಎಂಬುದು ಅದರ ಸಾರ.

ಈ ಎರಡು ಬಗೆಗಳ ನಡುವೆ ವ್ಯತ್ಯಾಸವಿದೆ. ಮೊದಲನೆಯದು ಸುಳ್ಳೆಂದು ಮಾರುವವನಿಗೇ ಗೊತ್ತಿರುತ್ತದೆ. ಎರಡನೆಯದನ್ನು ಹೇಳುವವರು ಬಹುಪಾಲು ಪ್ರಾಮಾಣಿಕರು. ಪ್ರಯೋಗಾಲಯದಲ್ಲಿ ಕಂಡದ್ದನ್ನು ಅಂಗಡಿಗೆ ಬಂದೇ ಬಿಟ್ಟಂತೆ ವರ್ಣಿಸುವುದಷ್ಟೇ ಅವರ ದೋಷ. ಆದರೂ ಪರಿಶೀಲಿಸುವ ಕ್ರಮ ಎರಡಕ್ಕೂ ಒಂದೇ, ಮತ್ತು ಅದಕ್ಕೆ ಪದವಿಯೇನೂ ಬೇಕಿಲ್ಲ. ಹೈಸ್ಕೂಲಿನ ಗುಣಾಕಾರ-ಭಾಗಾಕಾರ ಗೊತ್ತಿದ್ದು, ಒಂದು ಡಿಜಿಟಲ್ ತಕ್ಕಡಿ ಕೈಗೆ ಸಿಗುವಂತಿದ್ದರೆ ಕೆಲಸ ಆರಂಭಿಸಬಹುದು.

ಮೊದಲನೆಯ ಹೆಜ್ಜೆ: ಹೇಳಿಕೆಯನ್ನು ಒಂದು ಸಾಲಿಗೆ ಇಳಿಸಿ

ಘೋಷಣೆಯಲ್ಲಿರುವ ವಿಶೇಷಣಗಳನ್ನೆಲ್ಲ ತೆಗೆದುಹಾಕಿ, ಉಳಿದದ್ದನ್ನು ಕಾಗದದ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ. ಯಾವ ವಸ್ತು, ಎಷ್ಟು, ಯಾವ ಮಾನದಲ್ಲಿ, ಯಾವುದಕ್ಕೆ ಹೋಲಿಸಿ, ಯಾವ ದಿನದಿಂದ ಮಾರಾಟಕ್ಕೆ ಎಂಬ ಐದು ಅಂಶಗಳು ಆ ಸಾಲಿನಲ್ಲಿರಬೇಕು. ಬಹಳಷ್ಟು ಘೋಷಣೆಗಳು ಈ ಹಂತದಲ್ಲೇ ಮುಗ್ಗರಿಸುತ್ತವೆ, ಏಕೆಂದರೆ ನಾಲ್ಕನೆಯ ಮತ್ತು ಐದನೆಯ ಜಾಗಗಳಲ್ಲಿ ಬರೆಯಲು ಏನೂ ಸಿಗುವುದಿಲ್ಲ. ‘ಹತ್ತು ಪಟ್ಟು’ ಎಂದರೆ ಯಾವುದರ ಹತ್ತು ಪಟ್ಟು ಎಂದು ಹೇಳಿರುವುದಿಲ್ಲ. ‘20 ಗಂಟೆಗಳವರೆಗೆ’ ಎಂದರೆ 20 ಗಂಟೆ ದಾಟುವುದಿಲ್ಲ ಎಂಬ ಭರವಸೆ ಮಾತ್ರ. ಎಂಟು ಗಂಟೆಗೆ ನಿಂತರೂ ಆ ಮಾತು ಸುಳ್ಳಾಗುವುದಿಲ್ಲ.

ಯಾವುದಕ್ಕೆ ಹೋಲಿಸಿ ಎಂಬ ಪ್ರಶ್ನೆಯನ್ನು ದೊಡ್ಡ ಸಂಸ್ಥೆಗಳ ಘೋಷಣೆಗಳಿಗೂ ಕೇಳಬೇಕು. 2019ರಲ್ಲಿ ಗೂಗಲ್ ತನ್ನ 53 ಕ್ಯೂಬಿಟ್‌ಗಳ (ಕ್ವಾಂಟಮ್ ಕಂಪ್ಯೂಟರಿನ ಮಾಹಿತಿ ಘಟಕಗಳ) ಸೈಕಮೋರ್ ಚಿಪ್ 200 ಸೆಕೆಂಡುಗಳಲ್ಲಿ ಮುಗಿಸಿದ ಒಂದು ಲೆಕ್ಕಕ್ಕೆ ಅಂದಿನ ಸೂಪರ್‌ಕಂಪ್ಯೂಟರ್‌ಗೆ 10,000 ವರ್ಷ ಬೇಕಾಗುತ್ತದೆ ಎಂದಿತು. ಅದೇ ಕೆಲಸಕ್ಕೆ ಎರಡೂವರೆ ದಿನ ಸಾಕು ಎಂದು ಐಬಿಎಂ ಉತ್ತರಿಸಿತು. ಚಿಪ್ ಇದ್ದದ್ದು ನಿಜ, 200 ಸೆಕೆಂಡೂ ನಿಜ. ವಿವಾದವೆಲ್ಲ ಹಳೆಯ ಯಂತ್ರದ ಸಾಮರ್ಥ್ಯವನ್ನು ಎಷ್ಟೆಂದು ಹಿಡಿಯಬೇಕು ಎಂಬುದರ ಸುತ್ತಲೇ ಇತ್ತು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ 2015ರದ್ದು. ಆ ವರ್ಷ ಇಂಟೆಲ್ ಮತ್ತು ಮೈಕ್ರಾನ್ ಸೇರಿ ಘೋಷಿಸಿದ 3ಡಿ ಕ್ರಾಸ್‌ಪಾಯಿಂಟ್ ಎಂಬ ಮೆಮೊರಿ, ಎಸ್‌ಎಸ್‌ಡಿಗಳಲ್ಲಿರುವ ಫ್ಲ್ಯಾಶ್ ಮೆಮೊರಿಗಿಂತ ಸಾವಿರ ಪಟ್ಟು ವೇಗ, ಸಾವಿರ ಪಟ್ಟು ಬಾಳಿಕೆ ಹೊಂದಿದೆ ಎಂದು ಹೇಳಲಾಯಿತು. 2017ರಲ್ಲಿ ಆಪ್ಟೇನ್ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂತು, ಕೆಲವು ಕೆಲಸಗಳಲ್ಲಿ ಬಹಳ ಚೆನ್ನಾಗಿಯೂ ಇತ್ತು. ಆದರೆ ಕೊಂಡವರ ಯಂತ್ರದಲ್ಲಿ ಸಾವಿರ ಪಟ್ಟಿನ ಹತ್ತಿರದ ಅಂಕಿಯೂ ಕಾಣಲಿಲ್ಲ. ಘೋಷಣೆ ಮಾತನಾಡಿದ್ದು ಒಂಟಿ ಮೆಮೊರಿ ಕೋಶದ ಬಗ್ಗೆ. ಬಳಕೆದಾರನಿಗೂ ಆ ಕೋಶಕ್ಕೂ ನಡುವೆ ಕಂಟ್ರೋಲರ್ (ಮೆಮೊರಿಯನ್ನು ನಿಯಂತ್ರಿಸುವ ಚಿಪ್), ಮದರ್‌ಬೋರ್ಡಿನ ಸಂಪರ್ಕ, ಆಪರೇಟಿಂಗ್ ಸಿಸ್ಟಮ್ ಇಷ್ಟೂ ಇರುತ್ತವೆ, ಮತ್ತು ಒಟ್ಟು ವೇಗವನ್ನು ನಿರ್ಧರಿಸುವುದು ಇವುಗಳಲ್ಲಿ ಅತ್ಯಂತ ನಿಧಾನವಾದದ್ದು. 2022ರ ಜುಲೈಯಲ್ಲಿ ಇಂಟೆಲ್ ಆ ವ್ಯವಹಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಆದ್ದರಿಂದ ನಿಮ್ಮ ಸಾಲಿನಲ್ಲಿ ‘ವಸ್ತು’ ಎಂಬ ಜಾಗದಲ್ಲಿ ಬಿಡಿಭಾಗ ಬಂದಿದೆಯೋ ಇಡೀ ಯಂತ್ರ ಬಂದಿದೆಯೋ ಎಂಬುದನ್ನು ಗಮನಿಸಿ ಬರೆಯಿರಿ.

ಎರಡನೆಯ ಹೆಜ್ಜೆ: ಲೆಕ್ಕ ಹಾಕಿ

ಈ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಳ್ಳುವ ವರ್ತಕನು ಕಾಳು ಚೆನ್ನಾಗಿ ಒಣಗಿದೆ ಎಂಬ ಮಾತನ್ನು ಕೇಳಿಸಿಕೊಂಡರೂ ತೇವಾಂಶದ ಮೀಟರಿಗೆ ಒಂದು ಹಿಡಿ ಹಾಕಿಯೇ ದರ ಹೇಳುತ್ತಾನೆ. ಅದರಲ್ಲಿ ಅವಮಾನವೇನಿಲ್ಲ, ಕಂಪ್ಯೂಟರ್ ಕೊಳ್ಳುವವರೂ ಅದೇ ರೂಢಿಯನ್ನು ಬೆಳೆಸಿಕೊಳ್ಳಬಹುದು.

ಪವರ್ ಬ್ಯಾಂಕಿನಿಂದ ಆರಂಭಿಸೋಣ, ಏಕೆಂದರೆ ಅದರ ಸುಳ್ಳು ತಕ್ಕಡಿಯಲ್ಲೇ ಸಿಕ್ಕಿಬೀಳುತ್ತದೆ. 18650 ಎಂದು ಕರೆಯಲಾಗುವ ಸಿಲಿಂಡರ್ ಆಕಾರದ ಲಿಥಿಯಂ ಸೆಲ್‌ಗಳಲ್ಲಿ ಒಳ್ಳೆಯ ಕಂಪನಿಯದ್ದಕ್ಕೆ ಹೆಚ್ಚೆಂದರೆ ಸುಮಾರು 3,500 ಎಂಎಎಚ್ ಸಾಮರ್ಥ್ಯ, ಸುಮಾರು 48 ಗ್ರಾಂ ತೂಕ ಇರುತ್ತದೆ. 50,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕಿನಲ್ಲಿ ಇಂಥ ಸೆಲ್‌ಗಳು 15 ಇರಬೇಕು. ಅಂದರೆ ಸೆಲ್‌ಗಳ ತೂಕವೇ 700 ಗ್ರಾಂ ದಾಟಬೇಕು. ಕೈಯಲ್ಲಿರುವ ವಸ್ತು 250 ಗ್ರಾಂ ತೂಗಿದರೆ ಅದರೊಳಗೆ ಐದಕ್ಕಿಂತ ಹೆಚ್ಚು ಸೆಲ್ ಹಿಡಿಸುವುದಿಲ್ಲ, ಅವು ಅತ್ಯುತ್ತಮ ದರ್ಜೆಯವೇ ಆಗಿದ್ದರೂ 17,500 ದಾಟುವುದಿಲ್ಲ. ಚಪ್ಪಟೆ ಪೌಚ್ ಸೆಲ್ ಬಳಸಿದ್ದೇವೆ ಎಂಬ ಸಮಜಾಯಿಷಿಯೂ ಇಲ್ಲಿ ನಡೆಯದು, ಏಕೆಂದರೆ ತೂಕಕ್ಕೆ ತಕ್ಕ ಶಕ್ತಿಯ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಇನ್ನೊಂದು ಸಂಗತಿ: 50,000 ಎಂಎಎಚ್ ಅನ್ನು ಸೆಲ್‌ನ 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 185 ವ್ಯಾಟ್-ಅವರ್ ಆಗುತ್ತದೆ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100, ವಿಮಾನ ಸಂಸ್ಥೆಯ ಒಪ್ಪಿಗೆ ಪಡೆದು 160. ಹೇಳಿಕೆ ನಿಜವಾಗಿದ್ದರೆ ಅದನ್ನು ಹಿಡಿದುಕೊಂಡು ಹುಬ್ಬಳ್ಳಿಯಲ್ಲಿ ವಿಮಾನ ಹತ್ತಲು ಬಿಡುತ್ತಲೇ ಇರಲಿಲ್ಲ. ‘ಪ್ರಯಾಣಕ್ಕೆ ಸೂಕ್ತ’ ಎಂದು ಅದೇ ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿದಾಗ ನಗು ಬರುತ್ತದೆ.

ಲ್ಯಾಪ್‌ಟಾಪಿನ ಬ್ಯಾಟರಿಗೂ ಇದೇ ಭಾಗಾಕಾರ. ಬ್ಯಾಟರಿಯ ಮೇಲೆ 60 ವ್ಯಾಟ್-ಅವರ್ ಎಂದಿದ್ದು, ಒಮ್ಮೆ ಚಾರ್ಜ್ ಮಾಡಿದರೆ 48 ಗಂಟೆ ಓಡುತ್ತದೆ ಎಂದು ಹೇಳಿದ್ದರೆ, ಇಡೀ ಯಂತ್ರ ಸರಾಸರಿ ಒಂದೂಕಾಲು ವ್ಯಾಟ್‌ನಲ್ಲಿ ನಡೆಯಬೇಕು. ಬೆಳಗುತ್ತಿರುವ ಪರದೆಯೊಂದಕ್ಕೇ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೇಕು. ಶಾಖದ ಲೆಕ್ಕ ಇದರ ಪಕ್ಕದಲ್ಲೇ ಬರುತ್ತದೆ: ಯಂತ್ರಕ್ಕೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರಲೇಬೇಕು. ಫ್ಯಾನ್ ಇಲ್ಲದ ತೆಳು ಲ್ಯಾಪ್‌ಟಾಪ್ ದೀರ್ಘಕಾಲ ಹೊರಹಾಕಬಲ್ಲದ್ದು ಸುಮಾರು 10ರಿಂದ 15 ವ್ಯಾಟ್. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಒಂದೇ 450 ವ್ಯಾಟ್‌ವರೆಗೆ ಎಳೆಯುತ್ತದೆ. ಫ್ಯಾನ್ ಇಲ್ಲದ ಯಂತ್ರದಲ್ಲಿ ಆ ಮಟ್ಟದ ಆಟ ಆಡಬಹುದೆಂದು ಯಾರಾದರೂ ಹೇಳಿದರೆ ಉಳಿದ ಶಾಖ ಎಲ್ಲಿ ಹೋಯಿತು ಎಂದು ಕೇಳಿ. ಕೊಠಡಿ ತಂಪಾಗಿರುವ ದೇಶದಲ್ಲಿ ಪರೀಕ್ಷಿಸಿದ ಅಂಕಿ ಏಪ್ರಿಲ್ ತಿಂಗಳ ಚಿತ್ರದುರ್ಗದ ಹಾಸ್ಟೆಲ್ ಕೊಠಡಿಯಲ್ಲಿ ಇನ್ನಷ್ಟು ಇಳಿಯುತ್ತದೆ ಎಂಬುದನ್ನೂ ಮರೆಯಬಾರದು.

ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳ ವಂಚನೆ ಇನ್ನೂ ಚಾಣಾಕ್ಷತನದ್ದು, ಏಕೆಂದರೆ ಅಲ್ಲಿ ಕಂಪ್ಯೂಟರೇ ಮೋಸಗಾರನ ಪರವಾಗಿ ಸಾಕ್ಷಿ ಹೇಳುತ್ತದೆ. ಪೆನ್‌ಡ್ರೈವ್‌ನ ಗಾತ್ರವೆಷ್ಟು ಎಂದು ವಿಂಡೋಸ್ ಸ್ವತಃ ಅಳೆಯುವುದಿಲ್ಲ. ಒಳಗಿನ ಕಂಟ್ರೋಲರ್ ಚಿಪ್ ಏನು ಹೇಳುತ್ತದೆಯೋ ಅದನ್ನೇ ತೋರಿಸುತ್ತದೆ. ಒಳಗಿರುವ ಫ್ಲ್ಯಾಶ್ 32 ಜಿಬಿ ಮಾತ್ರವಿದ್ದರೂ, 2 ಟಿಬಿ ಎಂದು ಹೇಳುವಂತೆ ಕಂಟ್ರೋಲರ್‌ನ ಫರ್ಮ್‌ವೇರ್ (ಚಿಪ್‌ನೊಳಗೇ ಇರುವ ತಂತ್ರಾಂಶ) ತಿದ್ದಿದರೆ ಪ್ರಾಪರ್ಟೀಸ್ ಕಿಟಕಿಯಲ್ಲಿ 2 ಟಿಬಿಯೇ ಕಾಣುತ್ತದೆ. ಮೊದಲ 32 ಜಿಬಿಯವರೆಗೆ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಬರೆದದ್ದು ಹಳೆಯ ಫೈಲುಗಳ ಮೇಲೆಯೇ ಕೂರುತ್ತದೆ, ಇಲ್ಲವೇ ಎಲ್ಲಿಯೂ ಕೂರದೆ ಕಳೆದುಹೋಗುತ್ತದೆ. ಫೈಲುಗಳ ಪಟ್ಟಿ ಮಾತ್ರ ಹಾಗೆಯೇ ಇರುವುದರಿಂದ ಹೆಸರುಗಳೆಲ್ಲ ಕಾಣುತ್ತವೆ. ಮದುವೆಯ ಫೋಟೊ ತೆರೆಯಲು ಹೋದಾಗ ಅರ್ಧ ಮುಖ, ಅರ್ಧ ಬೂದು ಪಟ್ಟಿ ಬರುತ್ತದೆ.

ಇದನ್ನು ಕಂಡುಹಿಡಿಯುವ ಅತ್ಯಂತ ಖಚಿತ ದಾರಿ ಒಂದೇ: ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುವುದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಡ್ರೈವ್ ಹೊಸದಾಗಿ, ಖಾಲಿಯಾಗಿ ಇರುವಾಗಲೇ ಈ ಪರೀಕ್ಷೆ ಮುಗಿಸಬೇಕು. ಸಮಯದ ಅಂದಾಜೂ ಇರಲಿ: ಸೆಕೆಂಡಿಗೆ 10 ಎಂಬಿ ವೇಗದಲ್ಲಿ ಬರೆಯುವ ಅಗ್ಗದ ಡ್ರೈವ್‌ಗೆ 2 ಟಿಬಿ ತುಂಬಲು 55 ಗಂಟೆಗಿಂತ ಹೆಚ್ಚು ಬೇಕು. ವಾಪಸಾತಿಯ ಅವಧಿ ಮುಗಿಯುವ ಹಿಂದಿನ ದಿನ ಆರಂಭಿಸಿದರೆ ಪ್ರಯೋಜನವಿಲ್ಲ. ಎಫ್3ಯಲ್ಲಿರುವ ಎಫ್3ಪ್ರೋಬ್ ಎಂಬ ಆಜ್ಞೆ ಅಲ್ಲಲ್ಲಿ ಮಾತ್ರ ಬರೆದು ನೋಡುವುದರಿಂದ ಬಹುಬೇಗ ಉತ್ತರ ಕೊಡುತ್ತದೆ.

ಲೆಕ್ಕದ ಮುಂದೆ ನಿಲ್ಲದ ಹೇಳಿಕೆಗಳಲ್ಲಿ ಅತ್ಯಂತ ಕುತೂಹಲಕರವಾದದ್ದು ನೆದರ್ಲೆಂಡ್ಸ್‌ನ ಯಾನ್ ಸ್ಲೂಟ್ ಎಂಬುವರದ್ದು. ಟಿವಿ ರಿಪೇರಿಯ ಹಿನ್ನೆಲೆಯ ಈ ತಂತ್ರಜ್ಞರು 1990ರ ದಶಕದ ಕೊನೆಯಲ್ಲಿ ಇಡೀ ಚಲನಚಿತ್ರವನ್ನು 8 ಕಿಲೋಬೈಟ್‌ಗೆ ಇಳಿಸುವ ವಿಧಾನ ತಮ್ಮ ಬಳಿ ಇದೆ ಎಂದರು. ಹಣ ಹೂಡಲು ದೊಡ್ಡ ದೊಡ್ಡವರೇ ಮುಂದೆ ಬಂದರು. 1999ರ ಜುಲೈಯಲ್ಲಿ ಅವರು ಹಠಾತ್ತನೆ ತೀರಿಕೊಂಡರು, ವಿಧಾನ ಎಂದೂ ಹೊರಬರಲಿಲ್ಲ. ಇಂದಿಗೂ ಇದನ್ನು ಕಳೆದುಹೋದ ಮಹಾ ಆವಿಷ್ಕಾರವೆಂದು ಹೇಳುವವರಿದ್ದಾರೆ. 8 ಕಿಲೋಬೈಟ್ ಎಂದರೆ 65,536 ಬಿಟ್‌ಗಳು. ಜಗತ್ತಿನ ಎಲ್ಲ ಚಿತ್ರಗಳಿಗೂ ಒಂದೊಂದು ಗುರುತಿನ ಸಂಖ್ಯೆ ಕೊಡಲು ಇಷ್ಟು ಧಾರಾಳವಾಗಿ ಸಾಕು. ಆದರೆ ಪ್ರತಿ ಚೌಕಟ್ಟಿನ ಬಣ್ಣ, ಬೆಳಕು, ಧ್ವನಿಯನ್ನು ಮರಳಿ ಕಟ್ಟಬೇಕಾದರೆ ಆ ವಿವರಗಳೆಲ್ಲ ಇನ್ನೊಂದು ಕಡೆ ಇರಲೇಬೇಕು. ಸಂಕೋಚನದ ಬಗ್ಗೆ ಅದ್ಭುತವಾದ ಅಂಕಿ ಕೇಳಿದಾಗಲೆಲ್ಲ, ತೆರೆಯುವ ಕಡೆಯ ಯಂತ್ರದಲ್ಲಿ ಮೊದಲೇ ಎಷ್ಟು ತುಂಬಿಟ್ಟಿದ್ದಾರೆ ಎಂದು ವಿಚಾರಿಸಬೇಕು.

ಮೂರನೆಯ ಹೆಜ್ಜೆ: ಯಾವುದನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಹುಡುಕಿ

ವೇಗ, ಬೆಲೆ, ಶಾಖ, ತೂಕ, ಬಾಳಿಕೆ ಇವುಗಳಲ್ಲಿ ಒಂದನ್ನು ಬಹಳ ಹೆಚ್ಚಿಸಿದವರು ಇನ್ನೊಂದರಲ್ಲಿ ಏನನ್ನಾದರೂ ತೆತ್ತಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಂಬಬಹುದಾದ ಘೋಷಣೆಗೂ ನಂಬಲಾಗದ ಘೋಷಣೆಗೂ ಇರುವ ಮುಖ್ಯ ವ್ಯತ್ಯಾಸವೇ ಇದು: ಮೊದಲನೆಯದು ತೆತ್ತದ್ದನ್ನು ತಾನೇ ಹೇಳುತ್ತದೆ.

2019ರಲ್ಲಿ ಸೆರೆಬ್ರಾಸ್ ಎಂಬ ಅಮೆರಿಕದ ಕಂಪನಿ 46,225 ಚದರ ಮಿಲಿಮೀಟರ್ ವಿಸ್ತಾರದ, 1.2 ಲಕ್ಷ ಕೋಟಿ ಟ್ರಾನ್ಸಿಸ್ಟರ್‌ಗಳ ಒಂದೇ ಚಿಪ್ ತೋರಿಸಿತು. ಊಟದ ತಟ್ಟೆಯಗಲದ ಚಿಪ್ ಎಂದರೆ ಯಾರಿಗಾದರೂ ಅನುಮಾನ ಬರಬೇಕು. ಆದರೆ ಅಷ್ಟು ದೊಡ್ಡ ಸಿಲಿಕಾನ್‌ನಲ್ಲಿ ದೋಷವಿರುವ ಭಾಗಗಳನ್ನು ಬಳಸು ಮಾರ್ಗದಿಂದ ಹೇಗೆ ಬಿಟ್ಟುಬಿಡುತ್ತೇವೆ, ಎಷ್ಟು ಕಿಲೋವ್ಯಾಟ್ ವಿದ್ಯುತ್ ಬೇಕು, ನೀರು ಹಾಯಿಸಿ ಹೇಗೆ ತಂಪು ಮಾಡುತ್ತೇವೆ ಎಂಬುದನ್ನೆಲ್ಲ ಅವರು ತೆರೆದಿಟ್ಟರು. ಯಂತ್ರ ಗ್ರಾಹಕರ ಕೈಗೂ ತಲುಪಿತು.

ಕಡಿಮೆ ಬೆಲೆಯ ವಿಷಯದಲ್ಲಿ 2012ರ ಫೆಬ್ರವರಿಯಲ್ಲಿ 35 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಇಂಥದ್ದೇ ಉದಾಹರಣೆ. ಡಬ್ಬಿ ಇಲ್ಲ, ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಚಾರ್ಜರ್ ಇಲ್ಲ ಎಂದು ಮೊದಲೇ ಹೇಳಿದ್ದರಿಂದ ಆ ಬೆಲೆಗೆ ಅರ್ಥವಿತ್ತು. ಇದಕ್ಕೆ ತದ್ವಿರುದ್ಧವಾಗಿ 2016ರ ಫೆಬ್ರವರಿಯಲ್ಲಿ ರಿಂಗಿಂಗ್ ಬೆಲ್ಸ್ ಎಂಬ ಕಂಪನಿ ಫ್ರೀಡಂ 251 ಎಂಬ ಸ್ಮಾರ್ಟ್‌ಫೋನನ್ನು 251 ರೂಪಾಯಿಗೆ ಕೊಡುವುದಾಗಿ ಘೋಷಿಸಿದಾಗ, ಪರದೆ, ಬ್ಯಾಟರಿ, ಕ್ಯಾಮೆರಾ ಎಲ್ಲವೂ ಇದ್ದವು; ಕಳೆದದ್ದು ಏನೂ ಇರಲಿಲ್ಲ. ಒಳಗಿನ ಬ್ಯಾಟರಿಯೊಂದನ್ನೇ ಬಿಡಿಯಾಗಿ ಕೊಳ್ಳಲು ಆ ಹಣ ಸಾಲದು ಎಂಬುದು ಮೊಬೈಲ್ ರಿಪೇರಿ ಮಾಡುವ ಯಾವ ಹುಡುಗನಿಗಾದರೂ ಗೊತ್ತಿತ್ತು.

ತಿಳಿದವರೂ ಈ ಹೆಜ್ಜೆಯಲ್ಲಿ ಎಡವುತ್ತಾರೆ. ಪೆಂಟಿಯಮ್ 4 ಪ್ರೊಸೆಸರ್ ಬಂದ ಕಾಲದಲ್ಲಿ ಅದರ ವಿನ್ಯಾಸ ಮುಂದೆ 10 ಗಿಗಾಹರ್ಟ್ಸ್ ಮುಟ್ಟುತ್ತದೆ ಎಂಬ ಮಾತು ಇಂಟೆಲ್‌ನಿಂದಲೇ ಬಂದಿತ್ತು. ಶಾಖ ತಡೆಯಲಾಗದೆ ಆ ಸರಣಿ 3.8ಕ್ಕೆ ನಿಂತಿತು, ಮುಂದಿನ ತೇಜಸ್ ಎಂಬ ಚಿಪ್ಪನ್ನು 2004ರಲ್ಲಿ ರದ್ದು ಮಾಡಲಾಯಿತು.

ನಾಲ್ಕನೆಯ ಹೆಜ್ಜೆ: ಯಾವ ಹಂತದಲ್ಲಿದೆ ಎಂದು ತಿಳಿಯಿರಿ

ಸಂಶೋಧನಾ ಪ್ರಬಂಧ, ಪ್ರಯೋಗಾಲಯದ ಮಾದರಿ, ಕೆಲವರಿಗೆ ಕೊಟ್ಟ ನಮೂನೆ, ಕಾರ್ಖಾನೆಯ ಉತ್ಪಾದನೆ ಎಂಬ ಹಂತಗಳಲ್ಲಿ ಘೋಷಣೆ ಎಲ್ಲಿ ನಿಂತಿದೆ ಎಂಬುದನ್ನು ಗುರುತಿಸಿ. ಐಬಿಎಂ 2 ನ್ಯಾನೋಮೀಟರ್ ಚಿಪ್ಪನ್ನು 2021ರ ಮೇ ತಿಂಗಳಲ್ಲಿ ಪ್ರಕಟಿಸಿದ್ದು ಪ್ರಯೋಗಾಲಯದ ಸಾಧನೆಯಾಗಿ. ಅದನ್ನು ಓದಿ ಲ್ಯಾಪ್‌ಟಾಪ್ ಕೊಳ್ಳುವುದನ್ನು ಮುಂದೂಡಿದವರು ವರ್ಷಗಟ್ಟಲೆ ಕಾಯಬೇಕಾಯಿತು. ಅಲ್ಲದೆ ಈ ನ್ಯಾನೋಮೀಟರ್ ಅಂಕಿ ಇಂದು ಪೀಳಿಗೆಯ ಹೆಸರೇ ಹೊರತು ಚಿಪ್‌ನೊಳಗಿನ ಯಾವುದೋ ಭಾಗದ ನಿಜವಾದ ಅಳತೆಯಲ್ಲ.

ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಬಂಧ ಬಂದ ಮಾತ್ರಕ್ಕೆ ಹಂತ ಮೇಲೇರುವುದಿಲ್ಲ. ಕ್ವಾಂಟಮ್ ಕಂಪ್ಯೂಟರಿಗೆ ಬೇಕಾದ ಮಯೊರಾನಾ ಕಣಸ್ಥಿತಿಯನ್ನು ಕಂಡಿದ್ದೇವೆ ಎಂದು 2018ರಲ್ಲಿ ನೇಚರ್ ಪ್ರಕಟಿಸಿದ, ಮೈಕ್ರೋಸಾಫ್ಟ್ ಬೆಂಬಲದ ಸಂಶೋಧಕರ ಪ್ರಬಂಧವನ್ನು 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2023ರ ಜುಲೈಯಲ್ಲಿ ಕೊರಿಯಾದಿಂದ ಬಂದ ಎಲ್‌ಕೆ-99 ಎಂಬ ಅತಿವಾಹಕದ (ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತುವಿನ) ಸುದ್ದಿ, ಬಿಸಿಯಾಗದ ಕಂಪ್ಯೂಟರ್ ಬಂದೇ ಬಿಟ್ಟಿತು ಎಂಬ ಉತ್ಸಾಹ ಹುಟ್ಟಿಸಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ಹಲವೆಡೆ ತಯಾರಿಸಿ ನೋಡಿದಾಗ ಅತಿವಾಹಕತೆ ಕಾಣಲಿಲ್ಲ. ಕೆಲವೇ ವಾರ ಸುಮ್ಮನಿದ್ದವರಿಗೆ ಯಾವ ನಷ್ಟವೂ ಆಗಲಿಲ್ಲ. ಈ ಕಾರಣಕ್ಕಾಗಿ ಒಂದು ಪುಸ್ತಕದಲ್ಲಿ ಘೋಷಣೆಯ ದಿನ, ಮಾರಾಟಕ್ಕೆ ಹೇಳಿದ ದಿನ ಎರಡನ್ನೂ ಬರೆದಿಟ್ಟು ಆಗಾಗ ತಿರುವಿಹಾಕುವುದು ಒಳ್ಳೆಯದು. ಫಿನ್ಲೆಂಡಿನ ಬಿಟ್‌ಬಾಯ್ಸ್ 1999ರಲ್ಲಿ ಪ್ರಕಟಿಸಿದ ಗ್ಲೇಜ್3ಡಿ ಗ್ರಾಫಿಕ್ಸ್ ಕಾರ್ಡಿನ ದಿನ ಎಂದೂ ಬರಲಿಲ್ಲ. ಆ್ಯಪಲ್ 2020ರ ನವೆಂಬರ್ 10ರಂದು ಪ್ರಕಟಿಸಿದ ಎಂ1 ಚಿಪ್‌ನ ಯಂತ್ರಗಳು 17ರಂದೇ ಮಾರಾಟಕ್ಕೆ ಬಂದವು, ಹೊರಗಿನವರು ಕೊಂಡು ಪರೀಕ್ಷಿಸಿ ಬ್ಯಾಟರಿಯ ಬಗೆಗಿನ ದೊಡ್ಡ ಮಾತು ಬಹುಮಟ್ಟಿಗೆ ಸರಿಯೆಂದು ಹೇಳಿದರು.

ತಡವಾದದ್ದೆಲ್ಲ ಮೋಸವೆಂದು ತಿಳಿಯಬೇಕಿಲ್ಲ. ಬೆಂಗಳೂರಿನ ವಿಜ್ಞಾನಿಗಳು, ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಸದುದ್ದೇಶದ, ನಿಜವಾಗಿಯೂ ಕೆಲಸ ಮಾಡಿದ ಯಂತ್ರ. ಅದು ಅಂಗಡಿ ಸೇರುವ ಹೊತ್ತಿಗೆ ಅಗ್ಗದ ಮೊಬೈಲುಗಳು ಜನರನ್ನು ತಲುಪಿಬಿಟ್ಟಿದ್ದವು.

ಐದನೆಯ ಹೆಜ್ಜೆ: ಪ್ರದರ್ಶನದಲ್ಲಿ ಮುಟ್ಟಲು ಬಿಟ್ಟರೇ ಎಂದು ನೋಡಿ

ಕೆನಡಾದ ಡಿ-ವೇವ್ 2007ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದಲ್ಲಿ 16 ಕ್ಯೂಬಿಟ್‌ಗಳ ಯಂತ್ರವನ್ನು ಪ್ರದರ್ಶಿಸಿತು. ಸಭಿಕರು ಕಂಡದ್ದು ಸುಡೊಕು ಬಿಡಿಸಿದ ಪರದೆಯನ್ನು. ಯಂತ್ರ ಇದ್ದದ್ದು ಕೆನಡಾದಲ್ಲಿ. ಆ ಲೆಕ್ಕ ಕ್ವಾಂಟಮ್ ರೀತಿಯಲ್ಲೇ ನಡೆಯಿತೆಂದು ಸಭೆಯಲ್ಲಿ ಕುಳಿತ ಯಾರೂ ಖಚಿತಪಡಿಸಿಕೊಳ್ಳುವಂತಿರಲಿಲ್ಲ. ಮುಂದೆ ಅದೇ ಕಂಪನಿ ಯಂತ್ರಗಳನ್ನು ಮಾರಿತು, ಹೊರಗಿನ ಸಂಶೋಧಕರಿಗೆ ತೆರೆದಿಟ್ಟಿತು; ಆದರೂ ಅಂದಿನ ದಿನ ಅನುಮಾನಪಟ್ಟವರ ನಿಲುವು ಸರಿಯಾಗಿಯೇ ಇತ್ತು. ಫ್ರೀಡಂ 251ರ ಪ್ರದರ್ಶನದಲ್ಲಿ ಪತ್ರಕರ್ತರ ಕೈಗೆ ಫೋನ್ ಸಿಕ್ಕಿತ್ತು, ಹಾಗಾಗಿಯೇ ಗುಟ್ಟು ರಟ್ಟಾಯಿತು: ಮುಂಭಾಗದಲ್ಲಿ ಬಿಳಿ ಬಳಿದು ಮುಚ್ಚಿದ್ದ ಜಾಗದ ಕೆಳಗೆ ಆಡ್‌ಕಾಮ್ ಎಂಬ ಬೇರೊಂದು ಕಂಪನಿಯ ಹೆಸರಿತ್ತು.

ಅಂಗಡಿಯಲ್ಲಾದರೆ ಡಬ್ಬಿ ತೆರೆಸಿ, ಯಂತ್ರ ಚಾಲೂ ಮಾಡಿಸಿ, ಪ್ರೊಸೆಸರ್‌ನ ಪೂರ್ಣ ಹೆಸರನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ಓದಿ ತಯಾರಕರ ಜಾಲತಾಣದೊಂದಿಗೆ ತಾಳೆ ನೋಡಿ. ಹಳೆಯ ಯಂತ್ರಕ್ಕೆ ಹೊಸ ಸ್ಟಿಕ್ಕರ್ ಹಚ್ಚಿದ್ದರೆ ಇಲ್ಲಿ ಗೊತ್ತಾಗುತ್ತದೆ. ಪವರ್ ಬ್ಯಾಂಕ್, ಚಾರ್ಜರ್‌ಗಳನ್ನು ಅಳೆಯುವ ಯುಎಸ್‌ಬಿ ಮೀಟರ್ ದುಬಾರಿಯಲ್ಲ. ದಾವಣಗೆರೆಯ ಬಿಐಇಟಿ, ಯುಬಿಡಿಟಿ, ಚಿತ್ರದುರ್ಗದ ಎಸ್‌ಜೆಎಂಐಟಿಯಂಥ ಕಾಲೇಜುಗಳಲ್ಲಿ ಓದುತ್ತಿರುವ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಇದನ್ನು ಒಂದು ಮಧ್ಯಾಹ್ನದ ಕೆಲಸವಾಗಿ ಮಾಡಿಕೊಡಬಲ್ಲರು.

ಆರನೆಯ ಹೆಜ್ಜೆ: ಹೇಳುತ್ತಿರುವವರು ಯಾರು

ಭಾರತದಲ್ಲಿ ನೋಂದಣಿಯಾದ ಕಂಪನಿಗೆ 21 ಅಕ್ಷರ-ಅಂಕಿಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಇರುತ್ತದೆ. ಅದರಲ್ಲಿ ಏಳು-ಎಂಟನೆಯ ಅಕ್ಷರಗಳು ರಾಜ್ಯವನ್ನೂ ಅನಂತರದ ನಾಲ್ಕು ಅಂಕಿಗಳು ನೋಂದಣಿಯ ವರ್ಷವನ್ನೂ ಸೂಚಿಸುತ್ತವೆ. ‘ಇಪ್ಪತ್ತು ವರ್ಷಗಳ ಅನುಭವ’ ಎನ್ನುವ ಕಂಪನಿಯ ಸಿಐಎನ್‌ನಲ್ಲಿ ಕಳೆದ ವರ್ಷದ ಅಂಕಿ ಇದ್ದರೆ ವಿವರಣೆ ಕೇಳಬಹುದು. ಲ್ಯಾಪ್‌ಟಾಪ್, ಮೊಬೈಲ್, ಪವರ್ ಬ್ಯಾಂಕುಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಲೇಬಲ್ ಮೇಲಿನ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ತಯಾರಕರಿಗೆ ಸೇರಿದ್ದೆಂದು ತಿಳಿಯುತ್ತದೆ. ‘ಪೇಟೆಂಟ್‌ಗೆ ಅರ್ಜಿ ಹಾಕಿದ್ದೇವೆ’ ಎಂಬ ಮಾತಿಗೆ ಬೆಲೆ ಕೊಡಬೇಕಿಲ್ಲ. ಅರ್ಜಿಯನ್ನು ಯಾರು ಬೇಕಾದರೂ ಹಾಕಬಹುದು.

ಏಳನೆಯ ಹೆಜ್ಜೆ: ಹಣ ಕೊಡುವ ಕ್ರಮ

ಮುಂಗಡ ಕೊಡಬೇಡಿ. ಇನ್ನೂ ತಯಾರಾಗದ ಯಂತ್ರಕ್ಕೆ ‘ಬುಕಿಂಗ್’ ಹೆಸರಿನಲ್ಲಿ ಕೊಡುವ ಹಣ, ಸ್ವರೂಪದಲ್ಲಿ ಬಡ್ಡಿಯಿಲ್ಲದ ಸಾಲ. ವ್ಯಕ್ತಿಯ ಹೆಸರಿನ ಖಾತೆಗೆ ಯುಪಿಐ ಮೂಲಕ ಕಳಿಸುವಂತೆ ಹೇಳಿದರೆ ಮಾತು ಅಲ್ಲಿಗೇ ಮುಗಿಸಿ. ಕಾಲೇಜಿನ ಲ್ಯಾಬ್‌ಗೆ ಹತ್ತಾರು ಯಂತ್ರ ಕೊಳ್ಳುವವರು ಖರೀದಿ ಆದೇಶದಲ್ಲೇ ಒಂದು ಷರತ್ತು ಸೇರಿಸಬಹುದು: ಬಂದ ಯಂತ್ರಗಳಲ್ಲಿ ನಾವು ಆರಿಸಿದ ಎರಡು-ಮೂರನ್ನು ನಮ್ಮ ಕೊಠಡಿಯಲ್ಲಿ, ನಮ್ಮ ತಂತ್ರಾಂಶ ಹಾಕಿ, ಒಂದು ಇಡೀ ದಿನ ಓಡಿಸಿ ನೋಡಿದ ಮೇಲೆ, ಹೇಳಿದ ಅಂಕಿಗಳು ಹೊಂದಿದರೆ ಮಾತ್ರ ಬಿಲ್ ಪಾಸಾಗುತ್ತದೆ. ಸರಿಯಾದ ಸರಕು ಇರುವ ಮಾರಾಟಗಾರರು ಈ ಷರತ್ತಿಗೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.

ಅಷ್ಟಾಗಿಯೂ ಮೋಸವಾದರೆ ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ಲು, ತಕ್ಕಡಿಯ ಮೇಲಿಟ್ಟ ವಸ್ತುವಿನ ಫೋಟೊ, ಎಚ್2ಟೆಸ್ಟ್‌ಡಬ್ಲ್ಯು ಕೊಟ್ಟ ವರದಿ ಇವನ್ನು ಒಟ್ಟಿಗೆ ಇಟ್ಟುಕೊಳ್ಳಿ. ಹಣ ಆನ್‌ಲೈನ್ ವಂಚಕರಿಗೆ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮಾರಾಟಗಾರನ ವಿರುದ್ಧದ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಜಿಲ್ಲಾ ಗ್ರಾಹಕ ಆಯೋಗಗಳಿವೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ, ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷಗಳ ಒಳಗೆ ಸಲ್ಲಿಸಬೇಕು.